ಆಚಾರ್ಯರು ಸಾರಿನ ವಾಸನೆಗೆ ನುಂಗಿದ ಗುರುವಾರ

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಬಳ್ಳಾರಿಯ ಒಂದು ಆಸ್ಪತ್ರೆಯ ಪಾರ್ಶ್ವವಾಯು ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಕುರುಗೋಡಿನಿಂದ ಬೆಳಗಿನ ಬಸ್ಸಿಗೆ ಬಂದು ಎಂಟಕ್ಕೆ ಡ್ಯೂಟಿ ಹಿಡಿಯುತ್ತಿದ್ದೆ. ಕೇಸ್ ಶೀಟಿನಲ್ಲಿ ಬರೆಯುವುದು ಬೇರೆ. ಯಾರು ಎಷ್ಟು ಹೊತ್ತು ಮಲಗಿದರು, ಯಾರು ನಕ್ಕರು, ಯಾರು ಮುನಿಸಿಕೊಂಡರು ಎಂದು ನನ್ನದೇ ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳುವುದು ನನ್ನ ಹಳೆಯ ಅಭ್ಯಾಸ. ಆ ವರ್ಷದ ಪುಸ್ತಕದಲ್ಲಿ ಆರನೇ ಹಾಸಿಗೆಗೇ ಹನ್ನೊಂದು ಪುಟ ಹೋಗಿವೆ.

ಆ ಹಾಸಿಗೆಗೆ ಬಂದವರು ಸಿರುಗುಪ್ಪದ ವೆಂಕಣ್ಣಾಚಾರ್ಯರು. ವಯಸ್ಸು ಅರವತ್ತೊಂದು. ಮದುವೆ, ಮುಂಜಿ, ಆರಾಧನೆಗಳಿಗೆ ನೂರಾರು ಎಲೆಯ ಅಡುಗೆ ಮಾಡುವವರು. ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಸೋತಿದ್ದವು. ಮಾತು ನಿಂತೇ ಹೋಗಿತ್ತು. ಅದಕ್ಕಿಂತ ಹೆಚ್ಚಿನ ಚಿಂತೆ ನುಂಗುವುದರದು. ನುಂಗುವಾಗ ಶ್ವಾಸನಾಳ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ನೀರು, ಅನ್ನ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನಮ್ಮ ಭಾಷೆಯಲ್ಲಿ ಅದು ಆಸ್ಪಿರೇಷನ್. ಹಾಗಾಗಿ ಬಾಯಿಂದ ಒಂದು ಹನಿಯೂ ಕೊಡುವಂತಿರಲಿಲ್ಲ. ಮೂಗಿನ ನಳಿಕೆಯಲ್ಲಿ ಎರಡು ಗಂಟೆಗೊಮ್ಮೆ ತಿಳಿಗಂಜಿ ಬಿಡುತ್ತಿದ್ದೆವು. ತಮ್ಮ ಜೊಲ್ಲನ್ನೂ ಅವರಿಗೆ ನುಂಗಲಾಗದೆ, ಅದು ತುಟಿಯ ಬಲತುದಿಯಿಂದ ಇಳಿಯುತ್ತಿತ್ತು.

ಹೆಂಡತಿ ಪದ್ದಮ್ಮನವರಿಗೆ ಆ ಜೊಲ್ಲೇ ದೊಡ್ಡ ಅವಮಾನ. ಸೆರಗಿನ ತುದಿಯಿಂದ ಒರೆಸುತ್ತಲೇ ಇರುತ್ತಿದ್ದರು.

"ಯಾರ ಮನಿ ಹೊಲ, ಬಂಗಾರ ನೋಡಿ ಜೊಲ್ಲು ಸುರಿಸಿದವರಲ್ರಿ ಸಿಸ್ಟರ್ ಇವರು. ಬುಟ್ಟಿಗಟ್ಟಲೆ ಲಾಡು ಕಟ್ಟಿದ್ರೂ ಒಂದು ಚೂರು ಬಾಯಿಗೆ ಹಾಕ್ಕೊಂಡವರಲ್ಲ. ಈಗ ನೋಡ್ರಿ, ಕೂಸಿನ್ಹಾಂಗ ಆಗ್ಯಾರ."

ನನಗೂ ಕನಿಕರ. ಅದಕ್ಕೇ ನಾನೊಂದು ನಿಯಮ ಮಾಡಿದ್ದೆ: ಆರನೇ ಹಾಸಿಗೆಯ ಹತ್ತಿರ ಯಾರೂ ಊಟದ ಡಬ್ಬಿ ಬಿಚ್ಚಕೂಡದು. "ಉಣ್ಣೋ ಮನುಷ್ಯಾಗ ಉಣ್ಣಾಕ ಆಗವಲ್ದು. ವಾಸನಿಗೆ ಬಾಯಾಗ ನೀರು ಬಂದ್ರ ಎಷ್ಟು ಸಂಕಟ ಆಗಬ್ಯಾಡ? ಹೊರಗ ಹೋಗಿ ಉಣ್ರಿ," ಎಂದು ಪದ್ದಮ್ಮನವರನ್ನು ದಿನವೂ ಕಾರಿಡಾರಿಗೆ ಕಳಿಸುತ್ತಿದ್ದೆ.

ನುಂಗುವ ತರಬೇತಿ ಕೊಡುವುದು ಸ್ಪೀಚ್ ಥೆರಪಿಸ್ಟ್ ಕೆಲಸ. ನಮ್ಮಲ್ಲಿ ಶಬಾನಾ ಇದ್ದರು. "ಗದ್ದ ಎದಿ ಕಡೆ ಇಳಸ್ರಿ ಆಚಾರ್ರೆ, ಬಾಯಿ ಮುಚ್ಚಿ ನುಂಗ್ರಿ," ಎಂದು ದಿನಕ್ಕೆರಡು ಸಲ ಹೇಳಿ, ತಾವೇ ಮಾಡಿ ತೋರಿಸುತ್ತಿದ್ದರು. ಗದ್ದ ಇಳಿಸಿದರೆ ಶ್ವಾಸನಾಳಕ್ಕೆ ರಕ್ಷಣೆ ಹೆಚ್ಚು. ಆಚಾರ್ಯರು ಸುಮ್ಮನೆ ಅವರ ಮುಖ ನೋಡುವರು, ಅಷ್ಟೆ. ಹೀಗೇ ಹದಿನೈದು ದಿನ ಹೋಯಿತು.

ಬುಧವಾರದ ರೌಂಡ್ಸಿನಲ್ಲಿ ಡಾಕ್ಟರು, "ಸೋಮವಾರದವರೆಗೆ ನೋಡೋಣ. ಆಗದಿದ್ದರೆ ಪೆಗ್ ಹಾಕೋಣ," ಎಂದರು. ಪೆಗ್ ಎಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೇರವಾಗಿ ಜಠರಕ್ಕೆ ಇಡುವ ನಳಿಕೆ. ಅದರಿಂದ ಬದುಕಿ ಬಾಳಿದವರು ಬಹಳ ಮಂದಿ ಇದ್ದಾರೆ, ಹೆದರಬೇಕಾದ್ದಿಲ್ಲ. ಆದರೆ ಆಚಾರ್ಯರು ಗೋಡೆಯ ಕಡೆ ಮುಖ ಮಾಡಿದವರು ಸಂಜೆಯತನಕ ತಿರುಗಲಿಲ್ಲ. "ಹೊಟ್ಟಿಗೆ ನಳಿಗಿ ಇಟ್ಕೊಂಡು ಒಲಿ ಮುಂದ ನಿಲ್ಲೋ ಪೈಕಿ ಅಲ್ರಿ ಇವರು. ಒಲಿ ಬಿಟ್ರ ಉಳಿಯೂದಿಲ್ಲ," ಎಂದು ಪದ್ದಮ್ಮ ಮೆಲ್ಲಗೆ ಅಂದರು.

ಮರುದಿನ ಗುರುವಾರ ಕಾರಿಡಾರಿಗೆ ಬಣ್ಣ ಹೊಡೆಯುತ್ತಿದ್ದರು; ಕೂಡಲು ಜಾಗವಿರಲಿಲ್ಲ. ಪದ್ದಮ್ಮ ಗಂಡನಿಗೆ ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಡಬ್ಬಿ ಬಿಚ್ಚಿದರು. ನಾನು ಏಳನೇ ಹಾಸಿಗೆಯವರ ಬಿ.ಪಿ. ನೋಡುತ್ತಿದ್ದೆ. ಇಂಗು, ಕರಿಬೇವಿನ ಒಗ್ಗರಣೆ ಬಿದ್ದ ಹುಣಸೆ ಸಾರಿನ ವಾಸನೆ ಗಮ್ಮೆಂದಿತು.

"ಪದ್ದಮ್ನೋರೆ, ಏನ್ ಹೇಳಿದ್ದೆ ನಾನು? ಮುಚ್ಚರಿ ಮೊದ್ಲು!" ಎಂದು ತಿರುಗಿದೆ.

ಆಚಾರ್ಯರು ಡಬ್ಬಿಯಿಂದ ಮುಖ ಪಕ್ಕಕ್ಕೆ ಹೊರಳಿಸಿದರು. ತುಟಿ ಬಿಗಿದರು. ಗದ್ದ ಎದೆಗೆ ಇಳಿಯಿತು. ಗಂಟಲಿನ ಗಂಟು ಮೇಲೆದ್ದು ಕೆಳಗೆ ಬಂತು. ಕೆಮ್ಮಲಿಲ್ಲ.

"ತಡೀರಿ, ತಡೀರಿ! ಮುಚ್ಚಬ್ಯಾಡ್ರಿ!"

ಪದ್ದಮ್ಮ ಮುಚ್ಚಳ ಹಿಡಿದುಕೊಂಡೇ ಗಾಬರಿಯಾದರು. ನಾನು ಕಂಡದ್ದನ್ನು ಹೇಳಿದರೆ, "ಅಯ್ಯ, ಅದೇನು ಹೊಸಾದಲ್ಲೇಳ್ರಿ," ಎಂದರು. "ನೈವೇದ್ಯ ಆಗೋತನಕ ರುಚಿ ನೋಡೋ ಹಾಂಗಿಲ್ಲ. ವಾಸನಿ ಮ್ಯಾಲೇ ಹದ ಹಿಡೀಬೇಕು. ಮಡಿಯೊಳಗ ಉಗುಳೋ ಹಾಂಗೂ ಇಲ್ಲ. ಬಾಯಾಗ ನೀರು ಬಂದ್ರ ಪಾತ್ರಿಯೊಳಗ ಹನಿ ಬೀಳಬಾರದಂತ ಹೀಂಗ ಹೊರಳಿ, ಗದ್ದ ಒತ್ತಿ ನುಂಗ್ತಾರ. ಇವರ ಸೋದರಮಾವ ಬೈದು ಬೈದು ಕಲಿಸಿದ್ದು."

ಸುದ್ದಿ ಕೇಳಿ ಶಬಾನಾ ಓಡಿಬಂದರು. ಇನ್ನೊಮ್ಮೆ ಮುಚ್ಚಳ ತೆಗೆಸಿ ನೋಡಿ, ಹಣೆಗೆ ಕೈ ಹಚ್ಚಿಕೊಂಡರು. "ಯಾ ಅಲ್ಲಾ! ಹದಿನೈದು ದಿನದಿಂದ ನಾನು ಕಲಸಾಕ ಒದ್ದಾಡಿದ್ದು ಇದನ್ನ. ಇವರಿಗೆ ನಲವತ್ತು ವರ್ಷದಿಂದ ಬರತೈತಿ!"

ಹೇಳಿದರೆ ಆಗದ್ದು ಹಳೆಯ ರೂಢಿಯಿಂದ ತಾನಾಗಿಯೇ ಆಗುತ್ತಿತ್ತು. ಅಂದಿನಿಂದ ಸಾರೇ ಔಷಧ. ಬಾಯಿಗಲ್ಲ, ಮೂಗಿಗೆ ಮಾತ್ರ. ದಿನಕ್ಕೆ ಮೂರು ಸಲ ಅವರನ್ನು ನೇರವಾಗಿ ಕೂರಿಸಿ, ಬಾಯಿ ಸ್ವಚ್ಛ ಮಾಡಿ, ಡಬ್ಬಿಯ ಮುಚ್ಚಳ ತೆಗೆಯುವುದು, ನುಂಗಿದ್ದನ್ನು ನಾನು ಎಣಿಸುವುದು. ಗುರುವಾರ ನಾಲ್ಕು. ಶುಕ್ರವಾರ ಹನ್ನೊಂದು. ಶನಿವಾರ ಹದಿನೆಂಟು. ಅವತ್ತು ಮಧ್ಯಾಹ್ನ ಆಚಾರ್ಯರ ತುಟಿ ಅಲುಗಾಡಿತು. ನಾವು ಮೂವರೂ ಬಗ್ಗಿದೆವು.

"ಇಂ... ಗು... ಕಮ್ಮಿ."

ಪದ್ದಮ್ಮ ಅಳುತ್ತಲೇ ನಕ್ಕರು. "ನೋಡ್ರಿ! ಮಾತು ಬಂದಕೂಡ್ಲೆ ನನ್ನ ಸಾರಿಗೆ ಹೆಸರಿಡ್ಲಿಕ್ಕೆ ಹತ್ತಿದ್ರು."

ಸೋಮವಾರ ಪರೀಕ್ಷೆ. ಡಾಕ್ಟರು ಪಕ್ಕದಲ್ಲಿ ನಿಂತರು. ಶಬಾನಾ ಪುಡಿ ಬೆರೆಸಿ ಮಂದ ಮಾಡಿದ ನೀರನ್ನು ಅರ್ಧ ಚಮಚ ನಾಲಿಗೆಗೆ ಇಟ್ಟರು. ನಾನು ಬೆರಳಿನ ಆಕ್ಸಿಮೀಟರ್ ನೋಡುತ್ತಿದ್ದೆ: ತೊಂಬತ್ತೇಳು. ಆಚಾರ್ಯರು ಪಕ್ಕಕ್ಕೆ ಹೊರಳಿ, ಗದ್ದ ಒತ್ತಿ ನುಂಗಿದರು. ತೊಂಬತ್ತೇಳು. ಎರಡನೇ ಚಮಚ, ಮೂರನೆಯದು. ಕೆಮ್ಮಿಲ್ಲ, ಗಂಟಲಲ್ಲಿ ನೀರು ನಿಂತಂತೆ ದನಿ ಒದ್ದೆಯಾಗಲಿಲ್ಲ. "ಪೆಗ್ ಬೇಡ, ಇದನ್ನೇ ಮುಂದುವರಿಸಿ," ಎಂದು ಡಾಕ್ಟರು ಹೊರಟರು. ಹತ್ತು ದಿನದಲ್ಲಿ ಮೂಗಿನ ನಳಿಕೆಯನ್ನು ನಾನೇ ತೆಗೆದೆ.

ಕನಿಕರದಿಂದಲೇ ನಾನು ಹದಿನೈದು ದಿನ ಅವರ ಔಷಧವನ್ನು ಹೊರಗೆ ಕಳಿಸುತ್ತಿದ್ದೆನಲ್ಲ ಎಂಬುದು ಈಗಲೂ ಚುಚ್ಚುತ್ತದೆ. ಅಂದಿನಿಂದ ಯಾರೇ ದಾಖಲಾದರೂ, "ಇವರು ಏನು ಕೆಲಸ ಮಾಡ್ತಿದ್ರು, ಹೆಂಗ ಮಾಡ್ತಿದ್ರು?" ಎಂದು ಮನೆಯವರನ್ನು ಕೇಳಿ ನೋಟ್‌ಬುಕ್ಕಿನಲ್ಲಿ ಮೊದಲ ಸಾಲಿಗೇ ಬರೆಯುತ್ತೇನೆ.

ಮೂರು ತಿಂಗಳಿಗೆ ಆಚಾರ್ಯರು ಕೋಲು ಹಿಡಿದು ತೋರಿಸಿಕೊಳ್ಳಲು ಬಂದರು. ನಾನು ಊಟಕ್ಕೆ ಕೂತಿದ್ದೆ; ಪುಂಡಿಪಲ್ಯದ ಡಬ್ಬಿ ತೆರೆದಿತ್ತು. ಬಾಗಿಲಲ್ಲೇ ನಿಂತು ಮೂಗು ಅರಳಿಸಿ, ಪಕ್ಕಕ್ಕೆ ಹೊರಳಿ, ಸದ್ದಿಲ್ಲದೆ ನುಂಗಿದರು.

"ಒಗ್ಗರಣಿ ಸ್ವಲ್ಪ ಸೀದದಲ್ಲ, ತಾಯಿ?"

ಸೀದಿತ್ತು.