ಶಿವಗಂಗವ್ವನ ಪೀನಟ್ ಬಟರ್

ನಮ್ಮ ಓಣಿ ಶಿವಗಂಗವ್ವ ನಿಪ್ಪಾಣಿ ವಖಾರಿಯೊಳಗ ತಂಬಾಕ ಸೋಸಿಕೋತ, ಅದರ ಧೂಳು ಕುಡಕೋತ ಮುದುಕಿ ಆದಾಕಿ. ಕೆಮ್ಮು ಹೆಚ್ಚಾಗಿ ಆ ಕೆಲಸ ಬಿಟ್ಟ ಮ್ಯಾಲೆ ಮನ್ಯಾಗ ಶೇಂಗಾ ಹುರಿದು ಪೀನಟ್ ಬಟರ್ ಮಾಡಿ, ಜಿಮ್ಮಿನ ಹುಡುಗರಿಗೆ ಮಾರಾಕ ಹತ್ತಿದಳು. ಬ್ಯಾಸಗ್ಯಾಗ ತಗಡಿನ ಕೆಳಗ ಬಾಟಲಿ ಕಾದು ಎಣ್ಣಿ ಕೆಟ್ಟಿತು. ಹುಡುಗರು ತಿರುಗಿ ತಂದು ‘ಕಮಟು ವಾಸನಿ’ ಅಂದರ, ‘ಸುಳ್ಳ ಬೊಗಳಬ್ಯಾಡ್ರಿ, ಮೂಸಿ ನೋಡೇ ತುಂಬೇನಿ’ ಅಂತ ಬಾಯಿ ಮಾಡಿದಳು.

ನನ್ನ ಮಗ ತಂದ ಬಾಟಲಿನೂ ಹಂಗ ಕೆಟ್ಟಿತ್ತು; ಸಿಟ್ಟಿಲೆ ನಾನೇ ಹೋದೆ. ಆಕಿ ಬೆನ್ನ ಹಿಂದ ಒಲಿ ಮ್ಯಾಲೆ ಹಾಲು ಹೊತ್ತಿ ಕರಕಾಗಿತ್ತು. ಆಕಿ ಆರಾಮ ಮುಚ್ಚಳ ಹಾಕಾಕತ್ತಿದ್ದಳು.

‘ಹಾಲು ಹೊತ್ತೇತಿ, ವಾಸನಿ ಬರವಲ್ದೇನ ಬೇ?’ ಅಂದೆ.

ತಿರುಗಿ ಒಲಿ ನೋಡಿದಳು. ಬಾಟಲಿಯೊಳಗ ಮೂಗಿಟ್ಟು ಜೋರಾಗಿ ಉಸಿರು ಎಳಕೊಂಡಳು.

‘ಹಂಗಾರ ಶೇಂಗಾ ಹುರಿವಾಗ ಬರೋ ಘಮ,’ ಅಂದಳು, ‘ಬರೇ ನನ್ನ ನೆನಪೇನವ್ವಾ?’