ಎಂದೂ ತುಂಬದ ಗುಂಡಿ

“ಅಕ್ಕಾ, ನಮ್ ಟಾಯ್ಲೆಟ್ ಗುಂಡಿ ತುಂಬೋ ಮಾತೇ ಇಲ್ಲ. ಪೈಪ್‌ನ ಬತ್ತೋಗಿರೋ ಬೋರ್‌ವೆಲ್‌ಗೇ ಬಿಟ್ಬಿಟ್ಟಿದೀನಿ!” ಟೇಕಲ್‌ನಲ್ಲಿ ಹೊಸ ಮನೆ ಕಟ್ಟಿಸಿದ ತಮ್ಮ ಹಿತ್ತಲು ತೋರಿಸುತ್ತಾ ಹೆಮ್ಮೆಯಿಂದ ಹೇಳಿದ. ನನ್ನ ಕೈಯಲ್ಲಿ ಅರ್ಧ ಕುಡಿದ ನೀರಿನ ಲೋಟವಿತ್ತು.

“ಈ ನೀರು ಎಲ್ಲೀದೋ?” ಎಂದೆ.

“ಪಕ್ಕದ್ಮನೆ ಬೋರ್‌ವೆಲ್‌ದು ಕಣಕ್ಕಾ. ಬೀದಿಗೆಲ್ಲಾ ಅದೇ.”

ಬೇಲಿಯಾಚೆಯೇ ಆ ಬೋರ್‌ವೆಲ್. ಬೀದಿಯವರ ಕೊಡಗಳು ಅಲ್ಲಿ ಸಾಲಾಗಿ ನಿಂತಿದ್ದವು. ಮಗುವಿಗೆ ವಾರದಿಂದ ಭೇದಿ ನಿಂತಿಲ್ಲವೆಂದು ತಮ್ಮನ ಹೆಂಡತಿ ಆಗತಾನೇ ಹೇಳಿದ್ದಳು. ನಾನು ಲೋಟ ಕೆಳಗಿಟ್ಟೆ.

“ಅದಕ್ಕೂ ಇದಕ್ಕೂ ಮಧ್ಯೆ ನೆಲದೊಳಗೆ ಗೋಡೆ ಕಟ್ಟಿಸಿದೀಯೇನೋ?” ಎಂದು ಕಿರುಚಿಬಿಟ್ಟೆ.

ಮರುದಿನವೇ ತಮ್ಮ ಪೈಪ್ ಕೀಳಿಸಿದ. ಆದರೆ ಆಗಲೇ ಆಳಕ್ಕೆ ಇಳಿದದ್ದನ್ನು ಮೇಲೆತ್ತುವವರು ಯಾರು? ಈಗ ಯಾರ ಮನೆಯಲ್ಲಿ ನೀರು ಕೊಟ್ಟರೂ ನನ್ನ ಕಣ್ಣು ಮೊದಲು ಅವರ ಹಿತ್ತಲಲ್ಲಿ ಬತ್ತಿದ ಬೋರ್‌ವೆಲ್ ಹುಡುಕುತ್ತದೆ.