ದೊಡ್ಡಮ್ಮ ಹುಟ್ಟಿಸಿದ ಕ್ರಮ

ದೊಡ್ಡಮ್ಮ ಪಟ್ಟಿಯ ತಿರುಪನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಮದುಮಗಳ ಮುಂದೆ ಮಂಡಿಯೂರಿ, ಬೀಡಿ ಕಟ್ಟಿ ಕಟ್ಟಿ ಚಪ್ಪಟೆಯಾದ ಹೆಬ್ಬೆರಳಿನಿಂದ ಬೆಳ್ಳಿಯ ಪಟ್ಟಿಯನ್ನು ಸೊಂಟಕ್ಕೆ ಒತ್ತಿ ಹಿಡಿಯುತ್ತಿದ್ದರು. "ಉಸಿರು ಬಿಡು ಮಗಾ, ಮದುವೆ ಅಂತ ಉಸಿರಾಡದೆ ಇರ್ಲಿಕ್ಕೆ ಆಗ್ತದಾ?" ಎಂದು ಹಲ್ಲಿನ ಸಂದಿಯಿಂದಲೇ ಗದರುತ್ತಿದ್ದರು. ವರ್ಕಾಡಿಯಲ್ಲಿ ನಮ್ಮ ಪಕ್ಕದ ಮನೆಯವರು. ನಮಗೆ ನೆಂಟರೇನೂ ಅಲ್ಲ, ಊರಿಗೆಲ್ಲ ದೊಡ್ಡಮ್ಮ.

ಪಟ್ಟಿ ಅವರ ಅಜ್ಜಿಯದು. ಬೆಳ್ಳಿಯ ಸರಿಗೆ ಹೆಣೆದು ಮಾಡಿದ್ದು. ನಡುವೆ ಅಂಗೈಯಗಲದ ಬಿಲ್ಲೆ, ಅದರಲ್ಲಿ ಹಿಂದಿನಿಂದ ಬಡಿದು ಉಬ್ಬಿಸಿದ ಎರಡು ನವಿಲು. ಒಂದು ನವಿಲಿನ ಕಣ್ಣಿನ ಕೆಂಪು ಕಲ್ಲು ಯಾವಾಗಲೋ ಬಿದ್ದುಹೋಗಿತ್ತು. ಆ ಜಾಗದಲ್ಲಿ ದೊಡ್ಡಮ್ಮ ಮೇಣ ಹಾಕಿ ಗುಲಗಂಜಿ ಕೂರಿಸಿದ್ದರು. ಕೈ ಖಾಲಿ ಇರುವ ಮನೆಯಲ್ಲಿ ಮದುವೆಯೆಂದರೆ ಪಟ್ಟಿ ಅಲ್ಲಿಗೆ ಹೋಗುತ್ತಿತ್ತು. ಜಾತಿ ಕೇಳುತ್ತಿರಲಿಲ್ಲ. ಬಾಡಿಗೆಯ ಮಾತೆತ್ತಿದರೆ ಬೈಗುಳ. "ಬೆಳ್ಳಿ ಕೂತರೆ ಕಪ್ಪಾಗ್ತದೆ, ತಿರುಗಾಡಲಿ" ಎನ್ನುತ್ತಿದ್ದರು. ವಾಪಸು ಬಂದ ಪಟ್ಟಿಯನ್ನು ಅಂಟುವಾಳದ ನೊರೆಯಲ್ಲಿ ತೊಳೆದು ಇಡುತ್ತಿದ್ದರು.

ಅದು ಯಾಕೆ ತಿರುಗಾಡಬೇಕಿತ್ತು ಹೇಳಿ? ಗಂಡಿನ ಕಡೆಯ ಹೆಂಗಸರು ಹುಡುಗಿಯ ಮುಖಕ್ಕಿಂತ ಮೊದಲು ಸೊಂಟ ನೋಡುತ್ತಿದ್ದರು, ಅದಕ್ಕೆ! ಹುಡುಗಿ ಓದಿದ್ದಾಳಾ, ಗುಣ ಹೇಗೆ, ಅದೆಲ್ಲ ಯಾರಿಗೆ ಬೇಕು? ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಮದುವೆಗೂ ಅದೇ ಪಟ್ಟಿ. ಕೊಟ್ಟದ್ದು ಕುಂಜತ್ತೂರಿಗೆ, ಜವಳಿ ಅಂಗಡಿಯವರ ಮನೆಗೆ. ಮರುದಿನ ತವರಿಗೆ ಹೋಗುವಾಗ ಪಟ್ಟಿ ಕಟ್ಟಿಕೊಂಡು ಹೋಗಿ ದೊಡ್ಡಮ್ಮನಿಗೆ ಒಪ್ಪಿಸುವುದೆಂದು ಮಾತಾಗಿತ್ತು. ಆದರೆ ಮದುವೆಯ ಸಂಜೆಯೇ ಅತ್ತೆ ಮೈಮೇಲಿದ್ದದ್ದನ್ನೆಲ್ಲ ಬಿಚ್ಚಿಸಿ, "ಜೋಪಾನವಾಗಿ ಇರಲಿ" ಎಂದು ಕಪಾಟಿಗೆ ಸೇರಿಸಿ ಬೀಗ ಹಾಕಿದರು. ಅದು ಕಡ ತಂದದ್ದು ಎಂದರೆ ನನ್ನ ಅಮ್ಮನ ಮಾನ ಹೋಗುತ್ತದೆ. ಹೇಳದಿದ್ದರೆ ಪಟ್ಟಿಯೇ ಹೋಗುತ್ತದೆ. ಮುಂದಿನ ವಾರ ಇನ್ನೊಂದು ಹುಡುಗಿ ಅದಕ್ಕಾಗಿ ಕಾಯುತ್ತಿದ್ದಳು. ನಾನು ಬರಿಸೊಂಟದಲ್ಲಿ ತವರಿಗೆ ಹೋಗಿ ಅಮ್ಮನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ.

ನಾನು ಗಂಡನ ಮನೆಗೆ ಮರಳಿದ ಎರಡೇ ದಿನದಲ್ಲಿ ದೊಡ್ಡಮ್ಮ ಒಂದು ಸೂಡಿ ವೀಳ್ಯದೆಲೆ ಹಿಡಿದುಕೊಂಡು ಬಸ್ಸು ಹತ್ತಿ ಬಂದೇಬಿಟ್ಟರು. ಅತ್ತೆಯ ಎದುರು ಕೂತು ಬೆಲ್ಲ ನೀರು ಕುಡಿದು ಸಾವಕಾಶ ಹೇಳಿದರು: "ಪಟ್ಟಿ ತೆಗೊಂಡು ಹೋಗುವ ಅಂತ ಬಂದೆ."

"ಎಂತ ಪಟ್ಟಿ?" ಅತ್ತೆಯ ಹುಬ್ಬು ಮೇಲೇರಿತು.

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ.

"ಮದುಮಗಳಿಗೆ ಕಟ್ಟಿದ ಪಟ್ಟಿ ಸಂಕ್ರಮಣದ ಮೊದಲು ಕಟ್ಟಿದವರ ಕೈಗೆ ವಾಪಸು ಹೋಗಬೇಕಲ್ಲ? ಇಲ್ಲದಿದ್ದರೆ ಮನೆಗೆ ಮಗು ತಡ ಅಂತ." ಮತ್ತೆ ಬಹಳ ಆಶ್ಚರ್ಯಪಟ್ಟವರ ಹಾಗೆ ಕೇಳಿದರು: "ಅಯ್ಯೋ, ನಿಮ್ಮಲ್ಲಿ ಆ ಕ್ರಮ ಇಲ್ಲವಾ? ದೊಡ್ಡ ಮನೆಯವರಲ್ಲೆಲ್ಲ ಉಂಟಲ್ಲ!"

ಅತ್ತೆ ಒಂದು ಕ್ಷಣವೂ ತಡಮಾಡಲಿಲ್ಲ. "ಉಂಟುಂಟು. ಇಲ್ಲದೆ ಎಂತ?"

ಕಪಾಟು ತೆರೆಯಿತು. ಕ್ರಮದಲ್ಲಿ ತಮಗೇನು ಕಡಿಮೆ ಎಂದು ಅತ್ತೆ ಹರಿವಾಣದಲ್ಲಿ ಅಕ್ಕಿ, ತೆಂಗಿನಕಾಯಿ ಬೇರೆ ಇಟ್ಟರು. ಗುಲಗಂಜಿಯ ಕಣ್ಣು ನೋಡಿ "ಇದೆಂತ?" ಎಂದದ್ದಕ್ಕೆ, "ದೃಷ್ಟಿಗೆ" ಎಂದರು ದೊಡ್ಡಮ್ಮ.

ಗೇಟಿನವರೆಗೆ ಹೋದ ನನ್ನ ಕೈ ಹಿಡಿದುಕೊಂಡರು. ಸಿಟ್ಟಿನಿಂದ ಹೇಳಿದರು: "ನೀನು ತಲೆ ತಗ್ಗಿಸಬೇಡ. ಈ ಪ್ರಾಯದಲ್ಲಿ ನನ್ನ ಬಾಯಲ್ಲಿ ಸುಳ್ಳು ಹೇಳಿಸಿದರಲ್ಲ, ದರಿದ್ರದವರು!"

ಮುಂದೆ ಅತ್ತೆ ತಮ್ಮ ಮಗಳ ಮದುವೆಯಲ್ಲೂ ಆ ಕ್ರಮ ಮಾಡಿಸಿದರು. ಅವರನ್ನು ನೋಡಿ ನೆಂಟರು, ನೆಂಟರನ್ನು ನೋಡಿ ನೆರೆಕರೆಯವರು. ದೊಡ್ಡಮ್ಮ ಕೇಳಿ ನಗಲಿಲ್ಲ. "ಕಡ ತಂದದ್ದು ಅಂತ ಬಾಯಿಬಿಟ್ಟು ಹೇಳುವ ಕಾಲ ಬರುವುದಿಲ್ಲವಾ?" ಎಂದರು. ಆ ಕಾಲ ಬರುವ ಮೊದಲೇ ಹೋದರು. ಹೋಗುವ ಮೊದಲು ಪಟ್ಟಿಯನ್ನು ನನ್ನ ಮಡಿಲಿಗೆ ಹಾಕಿ, "ಕಪಾಟಿನಲ್ಲಿ ಕೂರಿಸಿದರೆ ನೋಡು!" ಎಂದು ಬೆದರಿಸಿದ್ದರು.

ಈಚೆಗೆ ಒಂದು ಸಭೆಯಲ್ಲಿ ಶಾಲು ಹೊದ್ದವರೊಬ್ಬರು ಭಾಷಣ ಬಿಗಿದರು. ಪಟ್ಟಿ ಮರಳಿಸುವುದು ನಮ್ಮ ಹಿರಿಯರ ಪುರಾತನ ಸಂಪ್ರದಾಯವಂತೆ! ಒಂದು ನವಿಲಿನ ಕಣ್ಣು ಗುಲಗಂಜಿಯದ್ದೇ ಆಗಿರಬೇಕಂತೆ! ಹೆಣ್ಣನ್ನು ಗೌರವಿಸುವ ಕ್ರಮವಂತೆ! ಯಾವ ಗೌರವ ಮಾರಾಯರೇ? ಚಹಾದ ಹೊತ್ತಿಗೆ ಅವರನ್ನು ಹಿಡಿದು ನಿಲ್ಲಿಸಿ, ಅದು ಎಲ್ಲಿ, ಯಾಕೆ ಹುಟ್ಟಿದ್ದೆಂದು ಎಲ್ಲರ ಎದುರೇ ಹೇಳಿದೆ. ನನ್ನ ಮದುವೆಗೆ ಪಟ್ಟಿ ಕಡ ತಂದದ್ದೆಂದೂ ಹೇಳಿದೆ. "ಇದಕ್ಕೆಲ್ಲ ಆಧಾರ ಉಂಟಮ್ಮಾ" ಎಂದು ಅವರು ಬೋಂಡಾ ಕಚ್ಚಿದರು.

ಇನ್ನು ಆ ಸುಳ್ಳು ಸಾಕೆಂದು ತೀರ್ಮಾನಿಸಿದ್ದೆ. ಕಳೆದ ವಾರ ಅಗಲ್ಪಾಡಿಯಿಂದ ಒಬ್ಬಳು ತಾಯಿ ಬಂದಳು. ಅವಳ ಮಗಳ ಮದುವೆಗೆ ಪಟ್ಟಿ ಕೊಟ್ಟಿದ್ದೆ. ಬೀಗಿತ್ತಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಾಳೆ. "ಅವರು ದೂರದವರು, ಅವರಿಗೆ ನಮ್ಮ ಕ್ರಮ ಗೊತ್ತಿಲ್ಲ. ನೀವೇ ಬಂದು ಹೇಳ್ತೀರಾ ಅಕ್ಕಾ?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಹೋದೆ. ಬೆಲ್ಲ ನೀರಿನ ಬದಲು ಜ್ಯೂಸು ಕೊಟ್ಟರು, ಕುಡಿದೆ. ಬಾಗಿಲ ಹಿಂದೆ ಆ ಹುಡುಗಿ ನಿಂತಿದ್ದಳು.

"ಅಯ್ಯೋ," ಎಂದೆ, "ನಿಮ್ಮಲ್ಲಿ ಆ ಕ್ರಮ ಇಲ್ಲವಾ?"